1 ಸ್ಟಾರ್ ಕೊಟ್ಟಿದ್ದೆ, ವಾಪಸ್ ತಗೊಂಡೆ: ಡಿಆರ್‌ವಿ8825 ಮೋಟಾರ್ ಡ್ರೈವರ್

ಮೋಟಾರಿಗೆ ಕರೆಂಟ್ ಕೊಟ್ಟು ತಿರುಗಿಸುವ ಈ ಪುಟ್ಟ ಬೋರ್ಡಿಗೆ ಜೂನ್ ತಿಂಗಳಲ್ಲಿ ನಾನು 1 ಸ್ಟಾರ್ ಕೊಟ್ಟಿದ್ದೆ. "ಸದಾ ಫಾಲ್ಟ್ ತೋರಿಸುತ್ತೆ. ಡಬ್ಬಾ ಮಾಲು. ಯಾರೂ ತಗೋಬೇಡಿ" ಅಂತ ಸಿಟ್ಟಲ್ಲಿ ಗೀಚಿದ್ದೆ. ಅದನ್ನು ಅಳಿಸಿ ಇವತ್ತು 4 ಸ್ಟಾರ್ ಹಾಕುತ್ತಿದ್ದೇನೆ. ಕಾರಣ ಹೇಳದೆ ಬರೀ ಸ್ಟಾರ್ ಬದಲಾಯಿಸಿದರೆ ಮಾರಿದವರು ನನಗೆ ದುಡ್ಡು ಕೊಟ್ಟಿದ್ದಾರೆ ಅಂದುಕೊಳ್ಳುತ್ತೀರಿ. ಅದಕ್ಕೇ ಇಷ್ಟುದ್ದ ಬರೆಯುತ್ತಿರೋದು.

ಸಾಗರದಿಂದ ಇಕ್ಕೇರಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. 31 ವರ್ಷ ಟೆಲಿಫೋನ್ ಲೈನ್‌ಮನ್ ಆಗಿದ್ದವನು ನಾನು. ಕಂಬ ಹತ್ತೋದು, ಗುಂಡಿಯಲ್ಲಿ ಕೂತು ಕೇಬಲ್ ಜಾಯಿಂಟ್ ಹಾಕೋದು, ಮಳೆಯಲ್ಲಿ ಕಂಬಳಿ ಕೊಪ್ಪೆ ಹೊದ್ದು ಫಾಲ್ಟ್ ಹುಡುಕೋದು, ಇದೇ ನನ್ನ ಸರ್ವಿಸ್ಸು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಕೊನೆಗೆ ನನ್ನ ಮಾನ ಹೋಗಿದ್ದೇ ಈ ಸರ್ವಿಸ್ಸಿನಿಂದ.

ರಿಟೈರ್ ಆದಮೇಲೆ ಕೈ ಸುಮ್ನೆ ಕೂರಲಿಲ್ಲ. ಮನೆ ಹೆಸರಿನ ಹಲಗೆ ಕೊರೆಯುವ, ಕಂಪ್ಯೂಟರ್ ಹೇಳಿದಂತೆ ಓಡುವ ಒಂದು ಸಣ್ಣ ಸಿಎನ್‌ಸಿ ಮೆಷಿನ್ ಕಟ್ಟಿದೆ. ಸಾಗರದ ಗುಡಿಗಾರರು ಗಂಧದ ಮರದಲ್ಲಿ ಮಾಡುವ ಕೆತ್ತನೆಯ ಮುಂದೆ ಇದು ಮಕ್ಕಳಾಟ ಬಿಡಿ. ಆದರೂ ಹಲಸಿನ ಹಲಗೆಯ ಮೇಲೆ ಅಕ್ಷರ ಚೆಂದ ಬರುತ್ತೆ. ಹೊಸ ಮನೆ ಕಟ್ಟಿದವರು ಕೇಳಿಕೊಂಡು ಬರುತ್ತಾರೆ. ಆರ್ಡ್ವಿನೊ ಊನೋ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡು, ಅದರ ಮೇಲೆ ಡ್ರೈವರ್‌ಗಳನ್ನು ಸಿಕ್ಕಿಸುವ ಒಂದು ಅಗ್ಗದ ಶೀಲ್ಡ್, ಒಳಗೆ ಮೆಷಿನ್ ಓಡಿಸುವ ಸಾಫ್ಟ್‌ವೇರ್ ಜಿಆರ್‌ಬಿಎಲ್, ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೂರು ನೆಮಾ 17 ಸ್ಟೆಪ್ಪರ್ ಮೋಟಾರ್, 24 ವೋಲ್ಟಿನ ಪವರ್ ಸಪ್ಲೈ. ಎಕ್ಸ್ ಕಡೆಯ, ಅಂದರೆ ಎಡ ಬಲ ಓಡಿಸುವ ಮೋಟಾರ್ ಕೊರೆಯುವ ತಲೆಯ ಮೇಲೇ ಕೂತಿದೆ, ತಲೆ ಓಡಿದ ಕಡೆಗೆಲ್ಲ ಅದೂ ಓಡುತ್ತೆ. ಇದು ನೆನಪಿರಲಿ.

ಮೊದಲು ಎ4988 ಡ್ರೈವರ್ ಹಾಕಿದ್ದೆ. ಅದು ಬೇಗ ಕಾಯುತ್ತೆ, ವೋಲ್ಟೇಜ್ ಕೂಡ 35ರವರೆಗೆ ಮಾತ್ರ. ಡಿಆರ್‌ವಿ8825 ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನವರ ಚಿಪ್ಪು. 8.2ರಿಂದ 45 ವೋಲ್ಟ್, ಗರಿಷ್ಠ 2.5 ಆಂಪಿಯರ್, ಒಂದು ಹೆಜ್ಜೆಯನ್ನು 32 ಭಾಗ ಮಾಡುತ್ತೆ. ನಾನು ತರಿಸಿದ್ದು ಆ ಚಿಪ್ಪು ಕೂರಿಸಿದ ನೇರಳೆ ಬಣ್ಣದ ಪುಟ್ಟ ಬೋರ್ಡು, ಪೊಲೊಲು ಕಂಪನಿಯ ಬೋರ್ಡಿನ ನಕಲು. ಒಂದಕ್ಕೆ 160 ರೂಪಾಯಿಯ ಹಾಗೆ 4 ತಗೊಂಡೆ. ಜೊತೆಗೆ ಬಿಸಿ ಹೀರುವ ಪುಟಾಣಿ ಹೀಟ್‌ಸಿಂಕು, ಅಂಟು ಪಟ್ಟಿ. ಒಂದು ಚೀಟಿಯಷ್ಟೂ ಸೂಚನೆ ಇಲ್ಲ.

ನಾಲ್ಕರಲ್ಲಿ ಒಂದನ್ನು ಮೊದಲ ದಿನವೇ ಸುಟ್ಟೆ. ಎ4988ರಲ್ಲಿ ಕರೆಂಟ್ ಹೊಂದಿಸುವ ಸಣ್ಣ ತಿರುಪು ಒಂದು ತುದಿಗಿದ್ದರೆ ಇದರಲ್ಲಿ ಇನ್ನೊಂದು ತುದಿಗಿದೆ. ನಾನು ತಿರುಪು ನೋಡಿ ಅದೇ ದಿಕ್ಕಿಗೆ ಕೂರಿಸಿದೆ. ಅಂದರೆ ಉಲ್ಟಾ. ಸ್ವಿಚ್ ಒತ್ತಿದ ಕೂಡಲೇ ಚಟ್ ಅಂತು, ಸುಟ್ಟ ವಾಸನೆ ಬಂತು. ಬೋರ್ಡಿನ ಮೇಲೆ ಬರೆದ ಪಿನ್ ಹೆಸರು ಓದಿ ಕೂರಿಸಿ, ತಿರುಪು ನಂಬಬೇಡಿ. ಇದು ಬೋರ್ಡಿನ ತಪ್ಪಲ್ಲ, ಆದರೆ ಚೀಟಿಯಲ್ಲಿ ಒಂದು ಸಾಲು ಹಾಕಿದ್ದರೆ ನನ್ನ 160 ರೂಪಾಯಿ ಉಳಿಯುತ್ತಿತ್ತು.

ಕರೆಂಟ್ ಹೊಂದಿಸೋದು ಸುಲಭ. ವಿರೆಫ್ ಅಂತ ಒಂದು ವೋಲ್ಟೇಜ್ ಇರುತ್ತೆ, ಮೀಟರ್‌ನಲ್ಲಿ ಅಳೆದು ಎರಡರಿಂದ ಗುಣಿಸಿದರೆ ಆಂಪಿಯರ್. ನನ್ನ ಮೋಟಾರ್ 1.7 ಆಂಪಿಯರಿನದು. ನಾನು 0.6 ವೋಲ್ಟಿಗೆ ಇಟ್ಟೆ, ಅಂದರೆ 1.2 ಆಂಪಿಯರ್. ಈ ಲೆಕ್ಕ ಬೋರ್ಡಿನ ಮೇಲೆ 0.1 ಓಮ್ ರೆಸಿಸ್ಟರ್ ಇದ್ದರೆ ಮಾತ್ರ ಸರಿ. ನಕಲು ಬೋರ್ಡಿನಲ್ಲಿ ಒಮ್ಮೆ ಭೂತಗನ್ನಡಿ ಹಿಡಿದು ನೋಡಿಕೊಳ್ಳಿ. ನನ್ನದರಲ್ಲಿ ಸರಿಯಾಗೇ ಇತ್ತು.

ಎರಡು ದಿನ ಚೆನ್ನಾಗಿ ಓಡಿತು. ಮೂರನೇ ದಿನ "ಶ್ರೀ ಗುರುಕೃಪಾ" ಅನ್ನೋ ಹಲಗೆ. "ಶ್ರೀ ಗುರು" ಮುಗಿಯಿತು. ಆಮೇಲೆ ಎಕ್ಸ್ ಮೋಟಾರ್ ಸತ್ತ ಹಾಗೆ ನಿಂತಿತು. ವೈ ಮೋಟಾರಿಗೆ ಅದರ ಪರಿವೆ ಇಲ್ಲ, ಜಿಆರ್‌ಬಿಎಲ್‌ಗಂತೂ ಏನೂ ಗೊತ್ತಾಗಲ್ಲ, ಅದು ಹೆಜ್ಜೆ ಕಳಿಸುತ್ತಾ ಹೋಗುತ್ತೆ ಅಷ್ಟೇ. ತಲೆ ಇದ್ದಲ್ಲೇ ಮೇಲೆ ಕೆಳಗೆ ಓಡಾಡಿ ಹಲಗೆಯ ನಡುವೆ ಉದ್ದಕ್ಕೆ ಒಂದು ಗೀರು ಕೊರೆಯಿತು. ಕೃಪೆಯೆಲ್ಲ ಆ ಒಂದು ಗೀರಿನಲ್ಲೇ ಹೋಯಿತು.

ಪವರ್ ತೆಗೆದು ಹಾಕಿದರೆ ಮತ್ತೆ ಓಡುತ್ತೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನಿಲ್ಲುತ್ತೆ.

ಬೆಂಗಳೂರಿನಲ್ಲಿರುವ ಮಗಳಿಗೆ ಫೋನ್ ಮಾಡಿದೆ. "ಅಪ್ಪ, ಅದರಲ್ಲಿ ಫಾಲ್ಟ್ ಅಂತ ಒಂದು ಪಿನ್ ಇರುತ್ತೆ, ಅದನ್ನು ಅಳೆದು ನೋಡು" ಅಂದಳು. ಎ4988 ಬೋರ್ಡಿನಲ್ಲಿ ಈ ಪಿನ್ ಇಲ್ಲವೇ ಇಲ್ಲ. ಅಲ್ಲಿ ಅದೇ ಜಾಗದಲ್ಲಿ 5 ವೋಲ್ಟ್ ತಗೊಳ್ಳುವ ಪಿನ್ ಇದೆ. ಹಾಗಾಗಿ ಎ4988ಗೆ ಅಂತ ಮಾಡಿದ ಶೀಲ್ಡ್ ಈ ಫಾಲ್ಟ್ ಪಿನ್ನಿಗೂ 5 ವೋಲ್ಟ್ ಕೊಡುತ್ತಿರುತ್ತೆ. ನಡುವೆ ಒಂದು ಸಣ್ಣ ರೆಸಿಸ್ಟರ್ ಇರುವುದರಿಂದ ಚಿಪ್ಪಿಗೆ ಏನೂ ಆಗಲ್ಲ, ಆದರೆ ಅದು ಹೇಳುವ ಮಾತು ನಿಮಗೆ ಸರಿಯಾಗಿ ಕೇಳೋದಿಲ್ಲ. ನಾನು ಆ ಪಿನ್ನನ್ನು ಹೊರಗೆ ಬಗ್ಗಿಸಿ, ಸಾಕೆಟ್ಟಿಗೆ ಇಳಿಯದ ಹಾಗೆ ಮಾಡಿ, ಅದಕ್ಕೊಂದು ತಂತಿ ಬೆಸೆದು ಮೀಟರ್ ಹಿಡಿದೆ.

ಸೊನ್ನೆ ವೋಲ್ಟ್. ಈ ಪಿನ್ನಿನ ಪೂರ್ತಿ ಹೆಸರು ಎನ್‌ಫಾಲ್ಟ್. ಆ 'ಎನ್' ಅಂದರೆ ಉಲ್ಟಾ ಅಂತ. ಸೊನ್ನೆ ಇದ್ದರೆ ಫಾಲ್ಟ್, 5 ಇದ್ದರೆ ಆರೋಗ್ಯ. ಮೋಟಾರ್ ಬಿಚ್ಚಿದರೂ ಸೊನ್ನೆ. ಬೋರ್ಡ್ ಬದಲಾಯಿಸಿದರೂ ಸೊನ್ನೆ. ಈಗಂತೂ ಮೋಟಾರ್ ಒಂದು ಹೆಜ್ಜೆಯೂ ತಿರುಗುತ್ತಿಲ್ಲ. ಆವತ್ತು ರಾತ್ರಿಯೇ ಆ 1 ಸ್ಟಾರ್ ಬಿದ್ದದ್ದು. ವಾಪಸ್ ತಗೊಳ್ಳಿ ಅಂತ ಮಾರಿದವರಿಗೂ ಬರೆದೆ.

ಅಸಲಿಗೆ ಆದದ್ದು ಇಷ್ಟು. ಎನ್‌ಫಾಲ್ಟ್ ಓಪನ್ ಡ್ರೈನ್ ಪಿನ್ನು. ಅದಕ್ಕೆ ಕೆಳಗೆ ಎಳೆಯೋದು ಗೊತ್ತು, ಮೇಲೆ ಎತ್ತೋದು ಗೊತ್ತಿಲ್ಲ. ಬಾವಿಯ ಕೊಡಪಾನದ ಹಾಗೆ, ಮೇಲಿಂದ ಯಾರಾದರೂ ಹಗ್ಗ ಹಿಡಿದಿರಬೇಕು. ಈ ಬೋರ್ಡಿನಲ್ಲಿ ಆ ಹಗ್ಗ ಅಂದರೆ ಒಂದು 10 ಕಿಲೋ ಓಮ್ ರೆಸಿಸ್ಟರ್. ಅದರ ಇನ್ನೊಂದು ತುದಿ ಚಿಪ್ಪನ್ನು ಮಲಗಿಸುವ, ಎಬ್ಬಿಸುವ ಸ್ಲೀಪ್ ಪಿನ್ನಿಗೆ ಹೋಗಿದೆ. ಸ್ಲೀಪ್ ಪಿನ್ ಹೊರಗಿನಿಂದ 5 ವೋಲ್ಟಿಗೆ ಕಟ್ಟಿದ್ದರೆ ಫಾಲ್ಟ್ ಪಿನ್ ಮೇಲಿರುತ್ತೆ. ನನ್ನ ಶೀಲ್ಡ್‌ನಲ್ಲಿ ಸ್ಲೀಪ್ ಮತ್ತು ರಿಸೆಟ್ ಒಂದಕ್ಕೊಂದು ಕಟ್ಟಿದ್ದವು, ಆದರೆ 5 ವೋಲ್ಟಿಗೆ ಕಟ್ಟಿರಲಿಲ್ಲ. ಅಲ್ಲಿಯವರೆಗೆ ಓಡಿದ್ದು ಹೇಗೆ ಹಾಗಾದರೆ? ಶೀಲ್ಡ್ ಫಾಲ್ಟ್ ಪಿನ್ನಿಗೆ ಕೊಡುತ್ತಿದ್ದ 5 ವೋಲ್ಟೇ ಆ ರೆಸಿಸ್ಟರ್ ದಾಟಿ ಸ್ಲೀಪ್ ಪಿನ್ನನ್ನು ಎಚ್ಚರ ಇಟ್ಟಿತ್ತು. ನಾನು ಪಿನ್ ಬಗ್ಗಿಸಿದೆ, ಚಿಪ್ಪು ನಿದ್ದೆಗೆ ಜಾರಿತು. ನಿದ್ದೆ ಹೋದವನ ನಾಡಿ ಹಿಡಿದು ಸತ್ತಿದ್ದಾನೆ ಅಂದೆ.

ಇದು ತಿಳಿಯಲು ನನಗೆ 3 ದಿನ ಹಿಡಿಯಿತು. ಸ್ಲೀಪ್‌ನಿಂದ 5 ವೋಲ್ಟಿಗೆ ಒಂದು ತುಂಡು ತಂತಿ ಹಾಕಿದೆ. ಫಾಲ್ಟ್ ಪಿನ್ ಮೇಲೆ ಬಂತು, ಮೋಟಾರ್ ಓಡಿತು. ಪ್ರತಿ ಸಲ ಮೀಟರ್ ಹಿಡಿಯೋದು ಬೇಡ ಅಂತ 5 ವೋಲ್ಟಿನಿಂದ 1 ಕಿಲೋ ಓಮ್ ಮೂಲಕ ಒಂದು ಕೆಂಪು ಎಲ್‌ಇಡಿಯನ್ನು ಆ ಪಿನ್ನಿಗೆ ಕೊಟ್ಟೆ. ಫಾಲ್ಟ್ ಆದರೆ ಮಿಣುಕು ದೀಪದ ಹಾಗೆ ಹತ್ತುತ್ತೆ. ಇದನ್ನು ನೀವೂ ಮಾಡಿ, ಎರಡು ರೂಪಾಯಿ ಖರ್ಚು.

ದೀಪ ಇಟ್ಟ ಮೇಲೆ ನಿಜವಾದ ಫಾಲ್ಟ್ ಕಣ್ಣಿಗೆ ಬಿತ್ತು. 20 ನಿಮಿಷ, ಕೆಲವು ಸಲ ಅರ್ಧ ಗಂಟೆ ಓಡುತ್ತೆ. ಇದ್ದಕ್ಕಿದ್ದಂತೆ ಎಕ್ಸ್ ನಿಲ್ಲುತ್ತೆ, ಕೆಂಪು ದೀಪ ಹತ್ತುತ್ತೆ, ಆರೋದೇ ಇಲ್ಲ.

ಅರ್ಧ ಗಂಟೆ ಓಡಿ ನಿಂತರೆ ಯಾರಾದರೂ ಏನು ಹೇಳುತ್ತಾರೆ? ಬಿಸಿ ಅಂತಲೇ ಅಲ್ವಾ? ನಾನೂ ಅದನ್ನೇ ಹಿಡಿದುಕೊಂಡು ಕೂತೆ. ಅಂಟು ಪಟ್ಟಿಯ ಹೀಟ್‌ಸಿಂಕ್ ಎರಡು ಸಲ ಕಳಚಿ ಬಿತ್ತು. ಆ ಅಂಟು ಪ್ರಯೋಜನಕ್ಕಿಲ್ಲ, ಅರ್ಧ ಸ್ಟಾರ್ ಅದಕ್ಕೇ ಕಡಿತ. ಬೇರೆ ಅಂಟು ಹಾಕಿ ಕೂರಿಸಿದೆ. ಕರೆಂಟನ್ನು 1.2ರಿಂದ 0.8 ಆಂಪಿಯರಿಗೆ ಇಳಿಸಿದೆ. ಕೊನೆಗೆ ಮಂಚದ ಪಕ್ಕದ ಟೇಬಲ್ ಫ್ಯಾನ್ ತಂದು ಬೋರ್ಡಿನ ಮುಂದೆ ಇಟ್ಟೆ. ಜೂನ್ ಕೊನೆ, ಹೊರಗೆ ಧೋ ಅಂತ ಮಳೆ, ಒಳಗೆ ಹಂಡೆ ಒಲೆಯ ಮುಂದೆ ಕೂತರೂ ಚಳಿ ಹೋಗದ ದಿನಗಳು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ಎಂತ ಮಾರಾಯ್ರೆ, ನಿಮಗೆ ಕಂಬಳಿ, ಅದಕ್ಕೆ ಫ್ಯಾನು?" ಅಂದಳು.

ಫಾಲ್ಟ್ ಮಾತ್ರ ಹೋಗಲಿಲ್ಲ.

ಮೋಟಾರನ್ನು ತಲೆಯಿಂದ ಬಿಚ್ಚಿ, ಟೇಬಲ್ ಮೇಲಿಟ್ಟು 1 ಗಂಟೆ ಸುಮ್ನೆ ತಿರುಗಿಸಿದೆ. ದೀಪ ಹತ್ತಲಿಲ್ಲ. ನೋಡಿ, ಇಲ್ಲೇ ಗುಟ್ಟು ಇತ್ತು, ನಾನು ಅದನ್ನು ಉಲ್ಟಾ ಓದಿದೆ. "ಭಾರ ಇಲ್ಲದಾಗ ನಿಲ್ಲಲ್ಲ, ಭಾರ ಇದ್ದಾಗ ಕರೆಂಟ್ ಜಾಸ್ತಿ ಎಳೆದು ಕಾಯುತ್ತೆ" ಅಂತ ತೀರ್ಮಾನಿಸಿದೆ. ಸ್ಟೆಪ್ಪರ್ ಹಾಗಲ್ಲ. ಭಾರ ಇರಲಿ ಬಿಡಲಿ, ನೀವು ಇಟ್ಟ ಮಿತಿಗೆ ಬಂದ ಕೂಡಲೇ ಚಿಪ್ಪು ಕರೆಂಟನ್ನು ಕತ್ತರಿಸುತ್ತಾ ಹೋಗುತ್ತೆ. ಭಾರ ಹೆಚ್ಚಾದರೆ ಹೆಜ್ಜೆ ತಪ್ಪುತ್ತೆ ಹೊರತು ಕರೆಂಟ್ ಏರಲ್ಲ.

ಆಮೇಲೆ ಎಕ್ಸ್ ಮತ್ತು ವೈ ಡ್ರೈವರ್ ಅದಲು ಬದಲು ಮಾಡಿದೆ. ಚಿಪ್ಪು ಕೆಟ್ಟಿದ್ದರೆ ಫಾಲ್ಟ್ ವೈ ಕಡೆಗೆ ಹೋಗಬೇಕಿತ್ತು. ಹೋಗಲಿಲ್ಲ, ಎಕ್ಸ್‌ನಲ್ಲೇ ಉಳಿಯಿತು. ಮೋಟಾರ್ ಬದಲಿಸಿದೆ. ಆಗಲೂ ಎಕ್ಸ್. ಪವರ್ ಸಪ್ಲೈ ಮೇಲೂ ಅನುಮಾನ ಬಂತು, ಡ್ರೈವರ್ ಬುಡದಲ್ಲಿ ಇನ್ನೊಂದು 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ. ಅದು ಹೇಗೂ ಇರಬೇಕಾದ್ದೇ, ಆದರೆ ಇದಕ್ಕೆ ಮದ್ದಲ್ಲ.

ಒಂದು ರಾತ್ರಿ ಕರೆಂಟ್ ಹೋಯಿತು. ಶರಾವತಿ ಪಕ್ಕದಲ್ಲೇ ಹರಿದು ನಾಡಿಗೆಲ್ಲ ಬೆಳಕು ಕೊಟ್ಟರೂ ನಮ್ಮ ಕಡೆ ಮಳೆಗಾಲ ಅಂದರೆ ಹೀಗೇ, ತಂತಿಯ ಮೇಲೆ ಮರ ಬೀಳುತ್ತೆ. ಬೇರೆ ಕೆಲಸ ಇಲ್ಲದೆ ಮೊಬೈಲಿನಲ್ಲಿ ಚಿಪ್ಪಿನ ಡೇಟಾಶೀಟ್, ಅಂದರೆ ತಯಾರಿಸಿದವರ ವಿವರ ಪತ್ರ ಓದುತ್ತಾ ಕೂತೆ. ಅಲ್ಲಿ ಎರಡು ಸಣ್ಣ ಪ್ಯಾರಾ ಇವೆ. ಈ ಚಿಪ್ಪಿನ ಎನ್‌ಫಾಲ್ಟ್ ಕೆಳಗಿಳಿಯೋದು ಎರಡು ಕಾರಣಕ್ಕೆ. ಒಂದು ಬಿಸಿ. ಒಳಗೆ 150 ಡಿಗ್ರಿ ದಾಟಿದರೆ ಚಿಪ್ಪು ಕೈಕಟ್ಟಿ ಕೂರುತ್ತೆ, ತಣಿದ ಮೇಲೆ ತಾನಾಗೇ ಕೆಲಸ ಶುರು ಮಾಡುತ್ತೆ, ದೀಪವೂ ಆರುತ್ತೆ. ಇನ್ನೊಂದು ಅತಿ ಕರೆಂಟ್. ನೀವು ವಿರೆಫ್‌ನಲ್ಲಿ ಇಡುವ ಮಿತಿ ಬೇರೆ, ಇದು ಬೇರೆ. ಎಲ್ಲೋ ಶಾರ್ಟ್ ಆಗಿ 3 ಆಂಪಿಯರ್ ಮೀರಿ ಕರೆಂಟ್ ನುಗ್ಗಿದಾಗ ಬೀಳುವ ಬೀಗ. ಇದು ತಾನಾಗಿ ತೆರೆಯೋದಿಲ್ಲ. ರಿಸೆಟ್ ಪಿನ್ ಒಮ್ಮೆ ಕೆಳಗಿಳಿಸಬೇಕು, ಇಲ್ಲವೇ ಮೋಟಾರಿನ ಪವರ್ ತೆಗೆದು ಹಾಕಬೇಕು.

ನನ್ನ ದೀಪ ಒಂದು ಗಂಟೆ ಬಿಟ್ಟರೂ ಆರುತ್ತಿರಲಿಲ್ಲ. ಬೋರ್ಡು ಮುಟ್ಟಿದರೆ ತಣ್ಣಗಿರುತ್ತಿತ್ತು. ಅಂದರೆ ಬಿಸಿ ಅಲ್ಲವೇ ಅಲ್ಲ. ಫ್ಯಾನು, ಅಂಟು, ಹೀಟ್‌ಸಿಂಕು ಅಂತ ಕಳೆದ 9 ದಿನ ನೀರಲ್ಲಿ ಹೋಮ. ಈ ಬೋರ್ಡ್ ತಗೊಳ್ಳುವವರು ಬೇರೇನು ಓದದಿದ್ದರೂ ಇದನ್ನು ಓದಿಕೊಳ್ಳಿ: ದೀಪ ತಾನಾಗಿ ಆರಿದರೆ ತಣ್ಣಗೆ ಮಾಡುವ ದಾರಿ ನೋಡಿ, ಪವರ್ ತೆಗೆಯುವ ತನಕ ಆರದಿದ್ದರೆ ಶಾರ್ಟ್ ಹುಡುಕಿ.

ಬೆಳಗ್ಗೆ ಎದ್ದವನೇ ಹಾಳಾದ ಹಲಗೆಗಳನ್ನು ತೆಗೆದೆ. ಅಷ್ಟರಲ್ಲಿ ಮೂರಾಗಿದ್ದವು. ಹಲಗೆಯನ್ನು ಯಾವಾಗಲೂ ಮೆಷಿನ್ನಿನ ಎಡ ಮೂಲೆಗೆ ಒತ್ತಿ ಕೂರಿಸುತ್ತೇನೆ. ಮೂರನ್ನೂ ಒಂದರ ಮೇಲೊಂದು ಇಟ್ಟು ಎಡ ಅಂಚು ಸಮ ಮಾಡಿದೆ. ಹೆಸರು ಬೇರೆ, ಅಕ್ಷರ ಬೇರೆ, ಕೊರೆದ ಹೊತ್ತು ಬೇರೆ. ಗೀರು ಮಾತ್ರ ಮೂರರಲ್ಲೂ ಎಡದಿಂದ 21 ಸೆಂಟಿಮೀಟರಿಗೆ. ಬಿಸಿಗೆ ಜಾಗದ ನೆನಪು ಇರಲ್ಲ. ತಂತಿಗೆ ಇರುತ್ತೆ.

ಇಲ್ಲಿ ನನ್ನ ಕಿವಿ ಬಿಸಿಯಾಗಲು ಶುರುವಾಯಿತು.

ಟೆಲಿಫೋನ್ ಕೆಲಸದಲ್ಲಿ ಬರೀ ಫಾಲ್ಟ್ ಅನ್ನಲ್ಲ. ತಂತಿ ಕಡಿದಿದ್ದರೆ ಡಿಸ್‌ಕನೆಕ್ಷನ್. ನೆಲಕ್ಕೆ ತಾಗಿದ್ದರೆ ಅರ್ತ್. ಒಂದೇ ಜೋಡಿಯ ಎರಡು ತಂತಿ ಸೇರಿದ್ದರೆ ಲೂಪ್. ಒಂದು ಜೋಡಿಯ ತಂತಿ ಇನ್ನೊಂದು ಜೋಡಿಗೆ ತಾಗಿದ್ದರೆ ಕಾಂಟ್ಯಾಕ್ಟ್, ಆಗ ನಿಮ್ಮ ಫೋನಿನಲ್ಲಿ ಪಕ್ಕದ ಮನೆಯ ಸಂಬಂಧದ ಮಾತುಕತೆ ಕೇಳುತ್ತೆ. ಇದನ್ನು ಹೊಸ ಹುಡುಗರಿಗೆ ನಾನೇ ಎಷ್ಟೋ ಸಲ ಹೇಳಿಕೊಟ್ಟಿದ್ದೇನೆ. ಮೋಟಾರ್ ಕೇಬಲ್ಲಿನಲ್ಲೂ ಎರಡು ಜೋಡಿ ತಾನೇ, ಒಂದೊಂದು ಸುರುಳಿಗೆ ಒಂದೊಂದು ಜೋಡಿ.

ಕೇಬಲ್ಲನ್ನು ಮೋಟಾರ್ ಕಡೆ, ಬೋರ್ಡ್ ಕಡೆ ಎರಡೂ ಬಿಚ್ಚಿದೆ. ಪವರ್ ತೆಗೆದೇ ಬಿಚ್ಚಬೇಕು, ಪವರ್ ಇರುವಾಗ ಮೋಟಾರ್ ಬಿಚ್ಚಿದರೆ ಚಿಪ್ಪು ಹೋಗುತ್ತೆ. ಮೀಟರನ್ನು ಬೀಪ್‌ಗೆ ಇಟ್ಟೆ. ಒಂದು ಮುಳ್ಳು ಮೊದಲ ಜೋಡಿಗೆ, ಇನ್ನೊಂದು ಎರಡನೇ ಜೋಡಿಗೆ. ಸದ್ದಿಲ್ಲ. ತಲೆಯನ್ನು ಕೈಯಲ್ಲಿ ನಿಧಾನಕ್ಕೆ ಎಡದಿಂದ ದೂಡುತ್ತಾ ಬಂದೆ. 15, 18, 20. ಸದ್ದಿಲ್ಲ. 21ಕ್ಕೆ ಬಂದಾಗ ಬೀಪ್. ಒಂದು ಕೂದಲೆಳೆ ಆಚೆ ಹೋದರೆ ನಿಂತಿತು. ವಾಪಸ್ ಬಂದರೆ ಬೀಪ್.

ಕಾಂಟ್ಯಾಕ್ಟ್ ಫಾಲ್ಟ್.

ಆ ಕೇಬಲ್ ಯಾವುದು ಗೊತ್ತಾ? ಮನೆಯ ಅಟ್ಟದಲ್ಲಿ ಬಿದ್ದಿದ್ದ ಹಳೇ ಟೆಲಿಫೋನ್ ಕೇಬಲ್ಲಿನ ತುಂಡು. ಅರ್ಧ ಮಿಲಿಮೀಟರ್ ದಪ್ಪದ ಒಂಟಿ ತಾಮ್ರದ ತಂತಿ, ಮೇಲೆ ತೆಳ್ಳಗೆ ಪಾಲಿಥಿನ್. ನೆಲದಲ್ಲಿ ಹೂತರೆ ದಶಕಗಟ್ಟಲೆ ಅಲ್ಲಾಡದೆ ಮಲಗಿರುತ್ತೆ. ಅದು ಮಲಗಲಿಕ್ಕೇ ಮಾಡಿದ ತಂತಿ. ನಾನು ಅದನ್ನು ದಿನಕ್ಕೆ ಸಾವಿರ ಸಲ ಬಗ್ಗುವ, ಕೇಬಲ್ ಹಿಡಿದು ತಲೆಯ ಜೊತೆ ಓಡುವ ಸರಪಳಿಯೊಳಗೆ ತುರುಕಿದ್ದೆ. ಸರಪಳಿಯ ಬಾಯಲ್ಲಿ ಪ್ಲಾಸ್ಟಿಕ್ ಟೈ ಬಿಗಿದ ಜಾಗದಲ್ಲಿ ಪಾಲಿಥಿನ್ ಸವೆದು, ಎರಡು ತಂತಿ ಬೆತ್ತಲಾಗಿ ಕೂತಿದ್ದವು. ನೀಲಿ ಜೋಡಿಯದೊಂದು, ಕಿತ್ತಳೆ ಜೋಡಿಯದೊಂದು. ತಲೆ 21ಕ್ಕೆ ಬಂದಾಗ ಅಲ್ಲಿ ಬಾಗು ಬೀಳುತ್ತಿತ್ತು. ಮೊದಮೊದಲು ಹತ್ತು ಸಲ ದಾಟಿದರೆ ಒಂದು ಸಲ ತಾಗುತ್ತಿತ್ತು, ಅದಕ್ಕೇ ಅರ್ಧ ಗಂಟೆಯ ಆಟ. ಡ್ರೈವರ್ ಬದಲಿಸಿದಾಗ, ಮೋಟಾರ್ ಬದಲಿಸಿದಾಗ, ಬದಲಾಗದೆ ಉಳಿದದ್ದು ಇದೊಂದೇ. ಟೇಬಲ್ ಮೇಲೆ ಓಡಿಸಿದಾಗ ಕೇಬಲ್ ಬಾಗುತ್ತಲೇ ಇರಲಿಲ್ಲ.

ಹೆಂಡತಿಗೆ ಹೇಳಲೋ ಬೇಡವೋ ಅಂತ ಒಂದು ಲೋಟ ಕಾಫಿ ಮುಗಿಯುವವರೆಗೆ ಯೋಚಿಸಿದೆ. ಹೇಳಿದೆ. ಅವಳು ನಗಲಿಲ್ಲ, "31 ವರ್ಷ ಊರವರ ಲೈನ್ ನೋಡಿದ್ರಿ" ಅಂತ ಒಳಗೆ ಹೋದಳು. ಆಮೇಲೆ ಅಡುಗೆಮನೆಯಿಂದ ನಗು ಕೇಳಿತು.

ಮರುದಿನ ಶಿವಮೊಗ್ಗ ಬಸ್ ಹತ್ತಿದೆ. ದುರ್ಗಿಗುಡಿಯ ಒಂದು ಅಂಗಡಿಯಲ್ಲಿ ಸಿಲಿಕೋನ್ ಹೊದಿಕೆಯ, ಕೂದಲಿನಂಥ ಎಳೆಗಳ ತಂತಿ ಸಿಕ್ಕಿತು. 3 ಮೀಟರಿನ 4 ತುಂಡು. ಬಾಗುವ ಜಾಗದಲ್ಲಿ ಟೈ ಬಿಗಿಯದೆ, ಸ್ವಲ್ಪ ಸಡಿಲ ಬಿಟ್ಟು ಹಾಕಿದೆ. ಅವತ್ತಿನಿಂದ ಇವತ್ತಿನವರೆಗೆ 14 ಹಲಗೆ ಕೊರೆದಿದ್ದೇನೆ. ಕೆಂಪು ದೀಪ ಒಮ್ಮೆಯೂ ಹತ್ತಿಲ್ಲ. ಕರೆಂಟ್ ಮತ್ತೆ 1.2ಕ್ಕೆ ಏರಿಸಿದ್ದೇನೆ, ಫ್ಯಾನ್ ಮಂಚದ ಪಕ್ಕಕ್ಕೆ ಹೋಗಿದೆ.

ಇನ್ನು ಬೋರ್ಡಿನ ವಿಷಯ. 19 ದಿನದಲ್ಲಿ ಎಷ್ಟು ಸಲ ಇದರ ಔಟ್‌ಪುಟ್ ಶಾರ್ಟ್ ಆಗಿರಬಹುದೋ ಲೆಕ್ಕ ಇಲ್ಲ. ಪ್ರತಿ ಸಲವೂ ಬೀಗ ಹಾಕಿಕೊಂಡು ಬದುಕಿತು. 160 ರೂಪಾಯಿಯ ಮಾಲು ಇಷ್ಟು ತಡೆದದ್ದು ದೊಡ್ಡದು. ಕೊರತೆ ಇಲ್ಲ ಅಂತಲ್ಲ. ಸೂಚನೆ ಚೀಟಿ ಇಲ್ಲ. ಅಂಟು ಸರಿಯಿಲ್ಲ. ನಿಧಾನಕ್ಕೆ ಓಡುವಾಗ ಕಿಂಯ್ ಅಂತ ಸದ್ದು, ಕಡಿಮೆ ಕರೆಂಟಿನಲ್ಲಿ ಸಣ್ಣ ಹೆಜ್ಜೆಗಳನ್ನು ಒಂದೊಂದು ಸಲ ನುಂಗುತ್ತೆ. ಮನೆಯೊಳಗೆ ಸದ್ದಿಲ್ಲದೆ ಓಡಬೇಕು ಅನ್ನುವವರು ಸ್ವಲ್ಪ ಜಾಸ್ತಿ ದುಡ್ಡು ಹಾಕಿ ಟಿಎಂಸಿ2209 ಡ್ರೈವರ್ ತಗೊಳ್ಳಿ. ಮರ ಕೊರೆಯುವ ಮೆಷಿನ್ನಿಗೆ ಇದು ಸಾಕು, ಕೊರೆಯುವ ಸದ್ದಿನಲ್ಲಿ ಇದರ ಸದ್ದು ಯಾರಿಗೆ ಕೇಳಬೇಕು?

ವಾಪಸ್ ಕೇಳಿದ್ದನ್ನು ರದ್ದು ಮಾಡಿ ಮಾರಿದವರಿಗೆ ಕ್ಷಮಿಸಿ ಅಂತ ಬರೆದೆ. ಇನ್ನೂ 2 ಬೋರ್ಡ್ ತರಿಸಿಟ್ಟಿದ್ದೇನೆ.

"ಶ್ರೀ ಗುರು" ವರೆಗೆ ಬಂದು ಗೀರು ಬಿದ್ದ ಹಲಗೆಯನ್ನು ಒಲೆಗೆ ಹಾಕೋಣ ಅಂದಿದ್ದೆ. ಹಲಸಿನ ಹಲಗೆ, ಸುಡಬೇಡಿ ಅಂತ ನನ್ನ ಹೆಂಡತಿ ಅದನ್ನು ಕೊಟ್ಟಿಗೆಯ ಬಾಗಿಲಿಗೆ ಮೊಳೆ ಹೊಡೆಸಿದ್ದಾಳೆ. ಬಂದವರು ಇದೇನು ಅಂತ ಕೇಳಿದರೆ ಅವಳೇ ಕಥೆ ಹೇಳುತ್ತಾಳೆ. ನಾನು ಅಷ್ಟು ಹೊತ್ತು ಹಸುವಿಗೆ ಹುಲ್ಲು ಹಾಕುತ್ತೇನೆ.